ಹಾಸಿಗೆಯಿಂದ ಕುರ್ಚಿಗೆ: ವೆಂಟಿಲೇಟರ್ ಮೇಲಿರುವವರನ್ನು ಬೇಗ ಎಬ್ಬಿಸುವ ಕುರಿತು



ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ಬೆಳಗಿನ ಫಿಸಿಯೋಥೆರಪಿ ಕೆಲಸ ಮುಗಿಸಿ ಐಸಿಯುವಿನಿಂದ ಹೊರಗೆ ಬಂದೆ. ಬಾಗಿಲ ಬಳಿಯ ಬೆಂಚಿನಿಂದ ಒಬ್ಬರು ಎದ್ದು ನಿಂತರು. ಮಲೆನಾಡಿನ ಕಡೆಯವರು, ಸಣ್ಣ ಅಡಿಕೆ ತೋಟ ಇಟ್ಟುಕೊಂಡವರು. ಒಳಗಿದ್ದದ್ದು ಅವರ ಹೆಂಡತಿ. ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹರಡಿ, ಬಾಯಿಯ ಮೂಲಕ ಗಂಟಲಿಗೆ ಟ್ಯೂಬ್ ಇಳಿಸಿ, ವೆಂಟಿಲೇಟರ್ ಹಾಕಿ ನಾಲ್ಕನೆಯ ದಿನ. ಮರುದಿನ ಆಕೆಯನ್ನು ಎಬ್ಬಿಸಿ ಕೂರಿಸುವ ಯೋಚನೆಯಿದೆ ಎಂದು ನಾನು ಸಿಸ್ಟರ್ ಬಳಿ ಹೇಳಿದ್ದು ಹೇಗೋ ಅವರ ಕಿವಿಗೆ ಬಿದ್ದಿತ್ತು.

“ಉಸಿರು ತಗಳಕ್ಕೇ ಆಗ್ದೆ ಮಷಿನ್ ಹಾಕಿರೋದು. ಅಂಥವಳನ್ನ ಎಬ್ಬಿಸಿ ಕೂರಿಸ್ತೀವಿ ಅಂತೀರಲ್ಲ ಮೇಡಂ. ನಾಕು ದಿನ ಮಲಗಿ ಸುಧಾರಿಸ್ಕಳ್ಳಿ ಬಿಡಿ.”

ಅಂದು ಎರಡು ಮಾತಿನಲ್ಲಿ ಸಮಾಧಾನ ಹೇಳಿ ಹೊರಟೆ. ಅಂಥ ಪ್ರಶ್ನೆಗೆ ಎರಡು ಮಾತು ಸಾಲದು. ಇವತ್ತು ನಿಮ್ಮ ಮುಂದೆ ಅದಕ್ಕೆ ಪೂರ್ತಿ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.

ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮಾತೇ ಹಾಗಿದೆ. ಒಬ್ಬರಿಗೆ ಕಾಯಿಲೆ ಜೋರಾಯಿತು ಅನ್ನುವುದಕ್ಕೆ “ಹಾಸಿಗೆ ಹಿಡಿದರು” ಅನ್ನುತ್ತೇವೆ. ವಾಸಿಯಾಯಿತು ಅನ್ನುವುದಕ್ಕೆ “ಎದ್ದು ಓಡಾಡ್ತಿದಾರೆ” ಅನ್ನುತ್ತೇವೆ. ಮೊದಲು ಕಾಯಿಲೆ ಹೋಗಬೇಕು, ಆಮೇಲೆ ಏಳಬೇಕು ಎಂಬ ಅನುಕ್ರಮ ನಮ್ಮ ನಾಲಿಗೆಯಲ್ಲೇ ಕೂತಿದೆ. ವೈದ್ಯರ ನಾಲಿಗೆಯಲ್ಲೂ ಬಹಳ ಕಾಲ ಕೂತಿತ್ತು. ಏಳುವುದು ವಾಸಿಯಾದದ್ದರ ಗುರುತು ಮಾತ್ರವಲ್ಲ, ವಾಸಿ ಮಾಡುವ ಕೆಲಸದ ಒಂದು ಭಾಗ, ಅದು ಯಂತ್ರ ಉಸಿರಾಡಿಸುತ್ತಿರುವಾಗಲೇ ಶುರುವಾಗಬೇಕು ಎಂಬುದು ನಾನು ಹೇಳಬೇಕಾದ ಮಾತು. ಇದನ್ನು ಹೇಳುವ ಹಕ್ಕು ನನಗೆ ಸುಲಭವಾಗಿ ಬಂದದ್ದಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮನ್ನು 1952ರ ಕೋಪನ್‌ಹೇಗನ್‌ಗೆ ಕರೆದುಕೊಂಡು ಹೋಗಬೇಕು.

ಆ ವರ್ಷ ಡೆನ್ಮಾರ್ಕಿನಲ್ಲಿ ಪೋಲಿಯೊ ಹಬ್ಬಿತು. ಊರಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಬ್ಲೆಗ್ಡಾಮ್. ಜೋರಾಗಿದ್ದ ದಿನಗಳಲ್ಲಿ ಅಲ್ಲಿಗೆ ದಿನಕ್ಕೆ 50ರವರೆಗೆ ರೋಗಿಗಳು ಬರುತ್ತಿದ್ದರು. ಬಹಳ ಮಂದಿ ಮಕ್ಕಳು. ಕೈಕಾಲು ಸೋತವರ ಜೊತೆಗೆ ಉಸಿರಾಟದ ಸ್ನಾಯು, ನುಂಗುವ ಸ್ನಾಯು ಸೋತವರೂ ಇದ್ದರು. ಆಸ್ಪತ್ರೆಯಲ್ಲಿದ್ದದ್ದು ದೇಹವನ್ನೇ ಒಳಗೆ ಮಲಗಿಸುವ ಕಬ್ಬಿಣದ ಶ್ವಾಸಕೋಶ ಒಂದು, ಎದೆಗೆ ಕವಚದಂತೆ ಕಟ್ಟುವ ಯಂತ್ರ ಆರು. ಮೊದಲ ವಾರಗಳಲ್ಲಿ ಹಾಗೆ ಚಿಕಿತ್ಸೆ ಪಡೆದ 31 ಜನರಲ್ಲಿ 27 ಮಂದಿ ತೀರಿಕೊಂಡರು. ಮುಖ್ಯ ವೈದ್ಯ ಲಾಸೆನ್ ದಿಕ್ಕು ತೋಚದೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯನನ್ನು ಕರೆಸಿದರು. ಅರಿವಳಿಕೆಯವರಿಗೆ ಆಪರೇಷನ್ ಕೋಣೆಯ ಹೊರಗೆ ಕೆಲಸವಿದೆ ಎಂದು ಯಾರೂ ಯೋಚಿಸದಿದ್ದ ಕಾಲ ಅದು.

ಆಗಸ್ಟ್ 27ರಂದು ಇಬ್ಸೆನ್ 12 ವರ್ಷದ ಒಬ್ಬ ಹುಡುಗಿಯ ಮೇಲೆ ತನ್ನ ವಿಧಾನ ತೋರಿಸಿದರು. ಕತ್ತಿನಲ್ಲಿ ರಂಧ್ರ ಮಾಡಿಸಿ, ಟ್ಯೂಬ್ ಹಾಕಿ, ರಬ್ಬರ್ ಚೀಲ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವುದು. ಹುಡುಗಿ ಒದ್ದಾಡುತ್ತಿದ್ದಳು, ಗಾಳಿ ಒಳಗೆ ಹೋಗಲಿಲ್ಲ. ಆಗ ಇಬ್ಸೆನ್ ಪೆಂಟೊಥಾಲ್ ಎಂಬ ನಿದ್ದೆಯ ಔಷಧ ಕೊಟ್ಟರು. ಒದ್ದಾಟ ನಿಂತಿತು, ಚೀಲದ ಗಾಳಿ ಎದೆಗೆ ಇಳಿಯಿತು, ಮಗುವಿನ ಬಣ್ಣ ಮರಳಿತು. ಅವಳು ಬದುಕಿದಳು.

ಈ ಘಟನೆಯನ್ನು ನಾನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಕೃತಕ ಉಸಿರಿಗೂ ನಿದ್ದೆಯ ಔಷಧಕ್ಕೂ ಅಲ್ಲೇ ನಂಟು ಬೆಳೆಯಿತು. ಆದರೆ ಆ ಔಷಧ ಕೊಟ್ಟದ್ದು ಒಂದು ಕಷ್ಟದ ಗಳಿಗೆ ದಾಟಿಸಲು. ಆಮೇಲಿನ ತಿಂಗಳುಗಳಲ್ಲಿ ನಡೆದದ್ದೇ ಬೇರೆ. ಯಂತ್ರಗಳಿಲ್ಲದ ಕಾರಣ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ಹಾಸಿಗೆಯ ಪಕ್ಕ ಕೂತು, ಹಗಲೂ ರಾತ್ರಿ ಕೈಯಿಂದಲೇ ಚೀಲ ಒತ್ತಿದರು. ಒಮ್ಮೊಮ್ಮೆ ಏಕಕಾಲಕ್ಕೆ 70 ಮಂದಿಗೆ. ಒಟ್ಟು 1,65,000 ಗಂಟೆ. ನೂರಕ್ಕೆ 80ಕ್ಕೂ ಮೀರಿದ್ದ ಸಾವು ಅರ್ಧಕ್ಕೆ ಇಳಿಯಿತು. ಪೋಲಿಯೊ ಸ್ನಾಯುವಿನ ಶಕ್ತಿಯನ್ನು ಕಸಿಯುತ್ತದೆ, ಬುದ್ಧಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಚೇತರಿಕೆಯ ದಾರಿಯಲ್ಲಿದ್ದ ಮಕ್ಕಳು ಎಚ್ಚರವಾಗಿದ್ದರು. ಉಸಿರು ಕೊಡುವವನ ಮುಖ ಅವರಿಗೆ ಕಾಣುತ್ತಿತ್ತು. ಸಾಕಾಗಲಿಲ್ಲ, ಬೇಗ ಒತ್ತು ಎಂದು ಕಣ್ಣಲ್ಲೇ ಹೇಳಬಹುದಿತ್ತು. ಇಂದಿನ ಎಲ್ಲ ಐಸಿಯುಗಳ ಬೇರು ಆ ವಾರ್ಡಿನಲ್ಲಿದೆ.

ಆಮೇಲೆ ಯಂತ್ರ ಬಂತು, ಕೈ ಹೋಯಿತು. ಯಂತ್ರಗಳು ಸುಧಾರಿಸಿದವು. ತೀರ ಹದಗೆಟ್ಟ ಶ್ವಾಸಕೋಶಗಳಿಗೂ ಗಾಳಿ ತುಂಬುವುದು ಸಾಧ್ಯವಾಯಿತು. ಅಂಥವರು ಯಂತ್ರದ ಲಯಕ್ಕೆ ಎದುರಾಗಿ ಉಸಿರೆಳೆದರೆ ತೊಂದರೆ; ಅದಕ್ಕೆ ನಿದ್ದೆಯ ಔಷಧ, ಅದು ಸಾಲದಿದ್ದರೆ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಔಷಧ. ಕೆಲವರಿಗೆ ಕೆಲವು ದಿನ ಬೇಕಾಗಿದ್ದ ಈ ಕ್ರಮ ನಿಧಾನವಾಗಿ ಎಲ್ಲರಿಗೂ ಎಲ್ಲ ದಿನವೂ ಎಂಬಂತಾಯಿತು. ಯಾರೂ ಕೂತು ಹೀಗೆ ಮಾಡೋಣ ಎಂದು ತೀರ್ಮಾನಿಸಿದ್ದಲ್ಲ. ಅಮೆರಿಕದ ಡೆನ್ವರಿನಲ್ಲಿ 1960ರ ದಶಕದಿಂದ ಇಂಥ ರೋಗಿಗಳನ್ನು ನೋಡಿದ್ದ ಥಾಮಸ್ ಪೆಟಿ ಎಂಬ ಹಿರಿಯ ವೈದ್ಯರು 1998ರಲ್ಲಿ ಒಂದು ಸಂಪಾದಕೀಯ ಬರೆದರು. ತಮ್ಮ ಕಾಲದಲ್ಲಿ ವೆಂಟಿಲೇಟರ್ ಮೇಲಿದ್ದವರು ಎಚ್ಚರವಾಗಿ, ಕುರ್ಚಿಯಲ್ಲಿ ಕೂತಿರುತ್ತಿದ್ದರು. ಈಗ ರೌಂಡ್ಸ್‌ಗೆ ಹೋದರೆ ಮಿಸುಕದೆ ಮಲಗಿರುವ, ಮಾನಿಟರ್ ಒಂದಿಲ್ಲದಿದ್ದರೆ ಸತ್ತೇಹೋಗಿದ್ದಾರೆನ್ನಿಸುವ ದೇಹಗಳನ್ನು ನೋಡುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ನನ್ನ ವೃತ್ತಿಯವರೆಲ್ಲ ಓದಬೇಕಾದ ಬರಹ ಅದು.

ಮಲಗಿಸುವುದರಿಂದ ಹಾನಿಯಿದೆ ಎಂಬುದು ಹೊಸ ತಿಳಿವಳಿಕೆಯೂ ಅಲ್ಲ. 1947ರಲ್ಲೇ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ, ಶ್ವಾಸಕೋಶ, ರಕ್ತನಾಳ, ಚರ್ಮ, ಕೀಲು, ಮೂಳೆ, ಮನಸ್ಸು ಎಂದು ಒಂದೊಂದೇ ಹಿಡಿದು ಬರೆದಿದ್ದರು. ಆಪರೇಷನ್ ಆದವರನ್ನು, ಹೃದಯಾಘಾತ ಆದವರನ್ನು ಬೇಗ ಎಬ್ಬಿಸುವುದು ಕ್ರಮೇಣ ರೂಢಿಯಾಯಿತು. ಐಸಿಯುವಿನ ಬಾಗಿಲೊಳಗೆ ಮಾತ್ರ ಆ ಮಾತು ಬಹಳ ತಡವಾಗಿ ಬಂತು.

ಮಲಗಿದ ದೇಹದಲ್ಲಿ ಏನಾಗುತ್ತದೆ? ಲಂಡನ್ನಿನಲ್ಲಿ ಜುಡಿನ್ ಪುಥುಚೆಯರಿ ಮತ್ತು ಸಂಗಡಿಗರು ಐಸಿಯುವಿಗೆ ಬಂದ 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಿಂದ ಅಳೆದರು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹತ್ತು ದಿನಕ್ಕೆ ಸ್ನಾಯುವಿನ ಗಾತ್ರ ಸರಾಸರಿ ನೂರಕ್ಕೆ 17.7ರಷ್ಟು ಕರಗಿತ್ತು. ಹಲವು ಅಂಗಗಳು ಒಟ್ಟಿಗೆ ಸೋತವರಲ್ಲಿ ಇನ್ನೂ ಹೆಚ್ಚು. ಹತ್ತು ದಿನ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡವರಿಗೂ ಕಾಲು ಸಣ್ಣಗಾಗುತ್ತದೆ, ಆದರೆ ಇದು ಆ ಜಾತಿಯದಲ್ಲ. ಸೋಂಕು ರಕ್ತಕ್ಕೆ ಇಳಿದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತದೆ, ನರಗಳೂ ಸೊರಗುತ್ತವೆ. ಅದರ ಮೇಲೆ ಅಲುಗಾಡದೆ ಇರುವುದೂ ಸೇರುತ್ತದೆ. ಉಸಿರಾಟದ ಮುಖ್ಯ ಸ್ನಾಯು ವಪೆಯ ಕಥೆ ಇನ್ನೂ ಕಠಿಣ. ಮಿದುಳು ನಿಷ್ಕ್ರಿಯವಾಗಿ ಅಂಗದಾನಕ್ಕೆ ಸಿದ್ಧವಾಗಿದ್ದ ದೇಹಗಳಲ್ಲಿ, ಯಂತ್ರವೇ ಪೂರ್ತಿ ಉಸಿರಾಡಿಸಿದ 18ರಿಂದ 69 ಗಂಟೆಗಳೊಳಗೆ, ವಪೆಯ ಸ್ನಾಯು ಎಳೆಗಳು ಅರ್ಧಕ್ಕಿಂತ ಸಣ್ಣಗಾಗಿದ್ದನ್ನು 2008ರಲ್ಲಿ ಕಂಡರು. ಎರಡೇ ಮೂರು ದಿನ! ಉಸಿರಿಗೆ ಆಸರೆಯಾಗಲೆಂದು ಹಾಕಿದ ಯಂತ್ರ ಉಸಿರಿನ ಸ್ನಾಯುವನ್ನೇ ಕೆಲಸವಿಲ್ಲದೆ ಸೊರಗಿಸಬಹುದು. ಆಮೇಲೆ ಯಂತ್ರ ಬಿಡಿಸುವುದೇ ದೊಡ್ಡ ಪಾಡಾಗುತ್ತದೆ.

ನಾವು ಹಾಸಿಗೆಯ ಪಕ್ಕ ನಿಂತು ಶಕ್ತಿ ಅಳೆಯುವುದು ಕೈಯಿಂದಲೇ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದ, ಎರಡೂ ಕಡೆ. ಒಟ್ಟು 12 ಸ್ನಾಯು ಗುಂಪು, ಒಂದೊಂದಕ್ಕೆ 0ಯಿಂದ 5 ಅಂಕ. ಅರುವತ್ತಕ್ಕೆ 48ಕ್ಕಿಂತ ಕಡಿಮೆ ಬಂದರೆ ಐಸಿಯುವಿನಿಂದಲೇ ಬಂದ ನಿಶ್ಶಕ್ತಿ ಎನ್ನುತ್ತೇವೆ. ವಾರಕ್ಕಿಂತ ಹೆಚ್ಚು ವೆಂಟಿಲೇಟರ್ ಮೇಲಿದ್ದು ಎಚ್ಚರಗೊಂಡವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದು ಇತ್ತು ಎಂದು ಫ್ರಾನ್ಸಿನವರು 2002ರಲ್ಲಿ ಬರೆದರು.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಐಸಿಯುವಿನಲ್ಲಿ ಫಿಸಿಯೋಥೆರಪಿ ಅಂದರೆ ನನಗೆ ಗೊತ್ತಿದ್ದದ್ದು ಎದೆ ತಟ್ಟಿ ಕಫ ಸಡಿಲಿಸುವುದು, ಸಕ್ಷನ್ ಮಾಡಿಸುವುದು, ಮಲಗಿದವರ ಕೈಕಾಲು ನಾಲ್ಕು ಸಲ ಮಡಿಸಿ ಬಿಡಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು. ಒಬ್ಬ ಹುಡುಗ, ಇಪ್ಪತ್ತೆರಡರ ವಯಸ್ಸಿನವನು, ಮೂರು ವಾರ ಹಾಗೆ ಇದ್ದು ಬದುಕಿ ಹೊರಟ. ಡಿಸ್ಚಾರ್ಜ್ ಚೀಟಿಯಲ್ಲಿ ಗುಣಮುಖನಾಗಿದ್ದಾನೆ ಎಂದಿತ್ತು. ಅವನ ತಾಯಿ ಕಾಫಿ ಲೋಟವನ್ನು ಅವನ ಕೈಗಿಟ್ಟರು. ಲೋಟ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಚೆಲ್ಲಿದ ಕಾಫಿಯನ್ನು ಸೆರಗಿನಿಂದ ಒರೆಸುತ್ತ ಆಕೆ ನನ್ನ ಕಡೆ ನೋಡಿದರು. ದೂರೇನೂ ಇರಲಿಲ್ಲ ಆ ನೋಟದಲ್ಲಿ. ಮಗ ಉಳಿದನಲ್ಲ ಎಂಬ ಕೃತಜ್ಞತೆಯೇ ಇತ್ತು. ನನಗೆ ಅದೇ ತಡೆಯಲಾಗಲಿಲ್ಲ. ಅವನನ್ನು ಎಬ್ಬಿಸಲು ಆಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಕೇಳಿರಲಿಲ್ಲ.

ಅದೇ ಕಾಲಕ್ಕೆ ಬೇರೆ ಕಡೆ ಕೆಲವರು ಕೇಳಿದ್ದರು. ಶಿಕಾಗೊದಲ್ಲಿ ಜಾನ್ ಕ್ರೆಸ್ ಮತ್ತು ಸಂಗಡಿಗರು 128 ರೋಗಿಗಳಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ದಿನಕ್ಕೊಮ್ಮೆ ನಿದ್ದೆಯ ಔಷಧ ನಿಲ್ಲಿಸಿ ಎಚ್ಚರವಾಗಲು ಬಿಟ್ಟರು. ಅಂಥವರು ವೆಂಟಿಲೇಟರ್ ಮೇಲಿದ್ದ ಕಾಲ 7.3 ದಿನದಿಂದ 4.9 ದಿನಕ್ಕೆ ಇಳಿಯಿತು. ಇದು 2000ನೇ ಇಸವಿಯ ಮಾತು. ನನ್ನ ಪ್ರಕಾರ ಇಂದಿನ ವಿಷಯದಲ್ಲಿ ಬಾಗಿಲು ತೆರೆದದ್ದು ಈ ಪ್ರಯೋಗವೇ. ನಿದ್ದೆಯಲ್ಲಿರುವವರನ್ನು ನಡೆಸಲಾಗದು, ಮೊದಲು ಎಚ್ಚರ ಬೇಕು.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯ ಪಾಲಿ ಬೈಲಿ ನರ್ಸ್. ಮನೆಗೆ ಹೋದ ರೋಗಿಗಳು ಹೇಗಿದ್ದಾರೆ ಎಂದು ಹುಡುಕಿಕೊಂಡು ಹೋದವರು ಅವರು. 2007ರಲ್ಲಿ ಅವರ ತಂಡ 103 ರೋಗಿಗಳ ಲೆಕ್ಕ ಮುಂದಿಟ್ಟಿತು. ಹಾಸಿಗೆಯ ಅಂಚಿನಲ್ಲಿ ಕೂತದ್ದು, ಕುರ್ಚಿಗೆ ಬಂದದ್ದು, ನಡೆದದ್ದು ಎಲ್ಲ ಸೇರಿ 1449 ಸಲ. ತೊಂದರೆಯಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಬ್ಬರ ಉಸಿರಿನ ಟ್ಯೂಬೂ ಕಳಚಿ ಬರಲಿಲ್ಲ. ಬಾಯಲ್ಲಿ ಟ್ಯೂಬ್ ಇಟ್ಟುಕೊಂಡೇ ನಡೆದವರಿದ್ದರು.

2009ರಲ್ಲಿ ವಿಲಿಯಂ ಶ್ವೈಕರ್ಟ್ ಮತ್ತವರ ಜೊತೆಗಾರರು ಶಿಕಾಗೊ ಮತ್ತು ಅಯೋವಾಗಳ 104 ರೋಗಿಗಳ ಪ್ರಯೋಗ ಪ್ರಕಟಿಸಿದರು. ಎರಡೂ ಗುಂಪಿಗೆ ದಿನವೂ ನಿದ್ದೆಯ ಔಷಧ ನಿಲ್ಲಿಸುತ್ತಿದ್ದರು. ಒಂದು ಗುಂಪಿಗೆ ಟ್ಯೂಬ್ ಹಾಕಿದ ಒಂದೂವರೆ ದಿನಕ್ಕೇ ಅಂಗಾಭ್ಯಾಸ ಶುರು, ಇನ್ನೊಂದಕ್ಕೆ ವಾಡಿಕೆಯಂತೆ ಒಂದು ವಾರ ಕಳೆದು. ಆಸ್ಪತ್ರೆ ಬಿಡುವಾಗ ತನ್ನ ಕೆಲಸ ತಾನೇ ಮಾಡಿಕೊಳ್ಳಬಲ್ಲವರು ಮೊದಲ ಗುಂಪಿನಲ್ಲಿ ನೂರಕ್ಕೆ 59, ಎರಡನೆಯದರಲ್ಲಿ 35. ಸನ್ನಿ ಹಿಡಿದ ದಿನಗಳು ನಾಲ್ಕರಿಂದ ಎರಡಕ್ಕೆ ಇಳಿದವು. ಅವರು ಅಳೆದದ್ದು ಏನನ್ನು ಎಂಬುದು ನನಗೆ ತುಂಬ ಇಷ್ಟ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ತಲೆ ಬಾಚಿಕೊಳ್ಳುವಂಥ ಕೆಲಸ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಶೌಚ, ನಡಿಗೆ. ನಮ್ಮ ಮನೆಗಳ ಹಿರಿಯರು ದೇವರ ಮುಂದೆ ನಿಂತು ಕೇಳಿಕೊಳ್ಳುವುದೂ ಇದನ್ನೇ ಅಲ್ಲವೇ, ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳುವ ಹಾಗೆ ಆಗದಿರಲಿ ಎಂದು?

ಸನ್ನಿ ಎಂದೆ. ಈ ಹಳೆಯ ಮಾತನ್ನು ನಾನು ಬೇಕೆಂದೇ ಬಳಸುತ್ತೇನೆ. ಜ್ವರ ನೆತ್ತಿಗೇರಿದವರು ಇಲ್ಲದವರ ಜೊತೆ ಮಾತಾಡುವುದು, ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಐಸಿಯುವಿನಲ್ಲಿ ಅದಕ್ಕೆ ಹಗಲು ರಾತ್ರಿ ತಿಳಿಯದ ಬೆಳಕು, ಅಲಾರಂ ಸದ್ದು, ಔಷಧದ ಮಂಪರು ಸೇರುತ್ತವೆ. ಟ್ಯೂಬ್ ಕಿತ್ತುಕೊಂಡಾರೆಂದು ಕೈ ಕಟ್ಟುತ್ತೇವೆ. ಕೈ ಕಟ್ಟಿದ್ದಕ್ಕೆ ಇನ್ನಷ್ಟು ಒದ್ದಾಡುತ್ತಾರೆ, ಒದ್ದಾಡಿದ್ದಕ್ಕೆ ಇನ್ನಷ್ಟು ಔಷಧ. ಕದ್ದೊಯ್ದು ಕೂಡಿಹಾಕಿದ್ದರು ಎಂದೇ ಎಷ್ಟೋ ಮಂದಿ ಆ ದಿನಗಳನ್ನು ನೆನಪಿಟ್ಟುಕೊಂಡಿದ್ದಾರೆ. ಎದ್ದು ಕೂತವರಿಗೆ ಎದುರು ಗೋಡೆ, ಗಡಿಯಾರ, ಕಿಟಕಿ, ಮನುಷ್ಯರ ಮುಖ ಸರಿಯಾದ ಕೋನದಲ್ಲಿ ಕಾಣುತ್ತದೆ. ದಿನವಿಡೀ ಮಾಡು ನೋಡುತ್ತ ಮಲಗಿದವರಿಗೆ ಲೋಕದ ಗುರುತು ತಪ್ಪುವುದು ಆಶ್ಚರ್ಯವಲ್ಲ.

ಎಬ್ಬಿಸುವುದು ಅಂದರೆ ಏನು ಮಾಡುತ್ತೇವೆ, ಅದನ್ನೂ ಹೇಳಿಬಿಡುತ್ತೇನೆ. ಹೊರಗೆ ಕೂತವರ ಕಲ್ಪನೆಯಲ್ಲಿ ಅದು ಕ್ರೂರವಾಗಿ ಕಾಣುತ್ತದೆ.

ಬೆಳಗ್ಗೆ ನಿದ್ದೆಯ ಔಷಧ ನಿಲ್ಲಿಸಿದ ಮೇಲೆ ಹೆಸರು ಹಿಡಿದು ಕರೆಯುತ್ತೇವೆ. ಕಣ್ಣು ಬಿಡಿ, ನನ್ನ ಕಡೆ ನೋಡಿ, ಕೈ ಹಿಂಡಿ, ನಾಲಿಗೆ ಚಾಚಿ. ಹೇಳಿದ್ದು ತಿಳಿಯುತ್ತಿದೆ ಎಂದಾದರೆ ಲೆಕ್ಕ ನೋಡುತ್ತೇವೆ. ಯಂತ್ರ ಕೊಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 60ರೊಳಗಿರಬೇಕು, ರಕ್ತದಲ್ಲಿ ಅದರ ಮಟ್ಟ 90ರ ಮೇಲಿರಬೇಕು, ಉಸಿರಿನ ವೇಗ ನಿಮಿಷಕ್ಕೆ 30 ದಾಟಿರಬಾರದು, ಬಿಪಿ ಹಿಡಿದಿಡುವ ಔಷಧದ ಪ್ರಮಾಣ ಏರುತ್ತಿರಬಾರದು. ಒಂದು ತಪ್ಪಿದರೂ ಅಂದು ಹಾಸಿಗೆಯಲ್ಲೇ ಅಭ್ಯಾಸ. ಎಲ್ಲ ಸರಿಯಿದ್ದರೆ ತುಟಿಯ ಬಳಿ ಟ್ಯೂಬಿನ ಮೇಲಿರುವ ಸೆಂಟಿಮೀಟರ್ ಗುರುತು ನೋಡಿ, ಗಟ್ಟಿಯಾಗಿ ಹೇಳಿ, ಟೇಪು ಭದ್ರಪಡಿಸುತ್ತೇವೆ. ಮೂಗಿನ ನಳಿಕೆಯ ಗಂಜಿ ನಿಲ್ಲಿಸುತ್ತೇವೆ. ಡ್ರಿಪ್ಪಿನ ಎಳೆಗಳನ್ನು ಒಂದೇ ಕಡೆಗೆ ತರುತ್ತೇವೆ, ಮೂತ್ರದ ಚೀಲವನ್ನು ಕಾಲಿಗೆ ಸಿಕ್ಕದ ಹಾಗೆ ಕಟ್ಟುತ್ತೇವೆ. ಒಬ್ಬರು ತಲೆಯ ಹತ್ತಿರ. ಅವರ ಕೈ ಟ್ಯೂಬನ್ನು ಬಿಡುವ ಹಾಗೇ ಇಲ್ಲ. ಒಬ್ಬರು ಬೆನ್ನಿಗೆ, ಒಬ್ಬರು ಮೊಣಕಾಲಿಗೆ, ಇನ್ನೊಬ್ಬರ ಕಣ್ಣು ಮಾನಿಟರ್ ಮೇಲೆ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಅದೇ ಓಟದಲ್ಲಿ ಬೆನ್ನೆತ್ತುತ್ತೇವೆ. ಮೊದಲ ದಿನ ಕತ್ತು ನಿಲ್ಲುವುದಿಲ್ಲ, ಎಳೆಮಗುವಿನ ಹಾಗೆ ತೂಗುತ್ತದೆ. ಮಂಚ ಎತ್ತರವಾದರೆ ಪಾದದ ಕೆಳಗೆ ಮಣೆ ಇಡಲೇಬೇಕು. ನೆಲ ತಾಗಿದ ಕ್ಷಣ ಮುಖ ಬದಲಾಗುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಮೂರು ನಿಮಿಷ, ಐದು ನಿಮಿಷ, ಮತ್ತೆ ಮಲಗಿಸುವುದು. ನಿಲ್ಲುವುದು ಇನ್ನೊಂದು ದಿನ, ಹೆಜ್ಜೆ ಮತ್ತೊಂದು ದಿನ. ನಡೆಸುವಾಗ ಹಿಂದೆಯೇ ವೀಲ್‌ಚೇರ್ ತಳ್ಳಿಕೊಂಡು ಒಬ್ಬರು ಬರುತ್ತಾರೆ.

ಇದರ ಮೇಲಿನ ಆಕ್ಷೇಪಣೆಗಳನ್ನು ಮುಚ್ಚಿಡುವುದು ನನಗೆ ಸರಿಯೆನಿಸುವುದಿಲ್ಲ. 2015ರಲ್ಲಿ ಪಾರ್ಶ್ವವಾಯು ಬಡಿದ 2104 ಜನರ ದೊಡ್ಡ ಪ್ರಯೋಗವೊಂದು ಬಂತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ಅಭ್ಯಾಸ ಮಾಡಿಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿದ್ದವರು ನೂರಕ್ಕೆ 46, ವಾಡಿಕೆಯ ಆರೈಕೆಯವರಲ್ಲಿ 50. ಬೇಗವೂ ಹೆಚ್ಚೂ ಸೇರಿದರೆ ಒಳ್ಳೆಯದೇ ಆಗಬೇಕೆಂದಿಲ್ಲ ಎಂದಾಯಿತು. ಅದು ಬೇರೆ ಕಾಯಿಲೆ ಎಂದು ನಾವು ಪಕ್ಕಕ್ಕೆ ಸರಿಸಬಹುದಿತ್ತು. ಆದರೆ 2022ರಲ್ಲಿ ಆಸ್ಟ್ರೇಲಿಯಾದ ಕ್ಯಾರಲ್ ಹಾಜ್‌ಸನ್ ಮುಂದಾಳುತನದಲ್ಲಿ ಆರು ದೇಶಗಳ 49 ಆಸ್ಪತ್ರೆಗಳ 750 ವೆಂಟಿಲೇಟರ್ ರೋಗಿಗಳ ಪ್ರಯೋಗ ಬಂತು. ಒಂದು ಗುಂಪಿಗೆ ದಿನಕ್ಕೆ ಸರಾಸರಿ 20.8 ನಿಮಿಷ ಅಭ್ಯಾಸ, ಇನ್ನೊಂದಕ್ಕೆ ಮಾಮೂಲಿನಂತೆ 8.8 ನಿಮಿಷ. ಆರು ತಿಂಗಳಲ್ಲಿ ಆಸ್ಪತ್ರೆಯ ಹೊರಗೆ ಬದುಕಿದ್ದ ದಿನಗಳು 143 ಮತ್ತು 145. ಅಂದರೆ ವ್ಯತ್ಯಾಸವಿಲ್ಲ. ಹೃದಯದ ಲಯ ತಪ್ಪುವುದು, ಆಮ್ಲಜನಕ ಇಳಿಯುವಂಥ ತೊಂದರೆ ಹೆಚ್ಚು ಅಭ್ಯಾಸದವರಲ್ಲಿ ನೂರಕ್ಕೆ 9.2, ಉಳಿದವರಲ್ಲಿ 4.1.

ಇದನ್ನು ಓದಿದ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ನಂಬಿದ್ದು ತಪ್ಪೇ? ನಿಧಾನವಾಗಿ ಮತ್ತೆ ಓದಿದಾಗ ಕಂಡದ್ದು ಇಷ್ಟು. ಇಲ್ಲಿ ಹೋಲಿಸಿದ್ದು ಎಬ್ಬಿಸುವುದನ್ನೂ ಎಬ್ಬಿಸದಿರುವುದನ್ನೂ ಅಲ್ಲ. ಹೆಚ್ಚು ಎಬ್ಬಿಸುವುದನ್ನೂ ಹದವಾಗಿ ಎಬ್ಬಿಸುವುದನ್ನೂ. ಮಾಮೂಲು ಆರೈಕೆಯ ಗುಂಪಿಗೂ ಫಿಸಿಯೋಥೆರಪಿಸ್ಟ್ ಬರುತ್ತಿದ್ದರು, ಅವರೂ ಎದ್ದು ಕೂರುತ್ತಿದ್ದರು. 2009ರಲ್ಲಿ ಹೊಸದಾಗಿದ್ದದ್ದು 2022ಕ್ಕೆ ಅಲ್ಲಿನ ಮಾಮೂಲಾಗಿತ್ತು. ಅನ್ನಕ್ಕೆ ಉಪ್ಪು ಬೇಕು, ಎರಡು ಪಟ್ಟು ಉಪ್ಪು ಹಾಕಿದರೆ ರುಚಿ ಎರಡು ಪಟ್ಟಾಗುವುದಿಲ್ಲ. ನಮ್ಮ ಬಹಳ ಕಡೆ ಉಪ್ಪಿನ ಡಬ್ಬಿಯನ್ನೇ ತೆರೆದಿಲ್ಲ ಎಂಬುದು ಬೇರೆ ಮಾತು. 2023ರಲ್ಲಿ ಶಿಕಾಗೊದ ಭಕ್ತಿ ಪಟೇಲ್ ಅವರ ತಂಡ 200 ರೋಗಿಗಳನ್ನು ಒಂದು ವರ್ಷದ ನಂತರ ನೋಡಿತು. ಬೇಗ ಶುರು ಮಾಡಿದವರಲ್ಲಿ ನೆನಪು, ಯೋಚನೆಯ ಶಕ್ತಿ ಕುಂದಿದವರು ನೂರಕ್ಕೆ 24, ತಡವಾದವರಲ್ಲಿ 43. ಇದು ಒಂದೇ ಆಸ್ಪತ್ರೆಯ ಲೆಕ್ಕ. ಹಾಗಾಗಿ ನಾನು ಇದರ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಆದರೂ ಮೈಯ ಅಭ್ಯಾಸದಿಂದ ಉಳಿಯುವುದು ಮೈ ಮಾತ್ರವಲ್ಲದಿರಬಹುದು ಎಂಬ ಸುಳಿವು ಅದರಲ್ಲಿದೆ.

ಈಗ ನಮ್ಮೂರುಗಳಿಗೆ ಬರೋಣ. ನಮ್ಮ ಜಿಲ್ಲಾ ಕೇಂದ್ರಗಳ ವೆಂಟಿಲೇಟರುಗಳ ಮೇಲೆ ಯಾರಿದ್ದಾರೆ? ನ್ಯುಮೋನಿಯಾದವರ ಜೊತೆಗೆ ಕ್ರಿಮಿನಾಶಕ ಕುಡಿದ ರೈತರಿದ್ದಾರೆ. ಆ ವಿಷದಲ್ಲಿ ಮೊದಲ ಗಂಡಾಂತರ ಕಳೆದ ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಮತ್ತು ಉಸಿರಿನ ಸ್ನಾಯು ಸೋಲುವ ಒಂದು ಘಟ್ಟವಿದೆ. ಅದನ್ನು 1987ರಲ್ಲಿ ಗುರುತಿಸಿದವರು ಶ್ರೀಲಂಕಾದ ವೈದ್ಯರು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮುನ್ಸೂಚನೆ. ಕಟ್ಟುಹಾವು ಕಚ್ಚಿದವರಿದ್ದಾರೆ, ಬಹುಪಾಲು ರಾತ್ರಿ ನೆಲದ ಮೇಲೆ ಮಲಗಿದ್ದವರು. ಆ ವಿಷಕ್ಕೆ ರೆಪ್ಪೆ ಎತ್ತುವ ಶಕ್ತಿಯೂ ಹೋಗುತ್ತದೆ, ಬೆರಳೂ ಅಲುಗುವುದಿಲ್ಲ. ಪ್ರಜ್ಞೆಯೇ ಇಲ್ಲ, ಮಿದುಳೇ ಸತ್ತಿದೆ ಎಂದು ಎಣಿಸಿಬಿಡುವಷ್ಟು ನಿಶ್ಚಲ. ಒಳಗೆ ಮನುಷ್ಯ ಪೂರ್ತಿ ಎಚ್ಚರವಾಗಿರಬಹುದು. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಅವರ ಹೆಸರು, ಊರು, ಇವತ್ತು ಯಾವ ವಾರ ಎಂದು ಹೇಳಿ ಎಂದು ನಾನು ಕಿರಿಯರಿಗೆ ಕಲಿಸುತ್ತೇನೆ. ಅವರ ಮುಂದೆ ಬಿಲ್ಲಿನ ಮಾತು, ಉಳಿಯುತ್ತಾರೋ ಇಲ್ಲವೋ ಎಂಬ ಮಾತು ಆಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ನರಗಳ ಹೊದಿಕೆ ಕೆಟ್ಟು ಕಾಲಿನಿಂದ ಮೇಲಕ್ಕೆ ಶಕ್ತಿ ಹೋಗುವ ಗುಲಿಯನ್-ಬಾರೆ ಕಾಯಿಲೆಯವರೂ ಹಾಗೆಯೇ, ವಾರಗಟ್ಟಲೆ, ತಿಂಗಳುಗಟ್ಟಲೆ ಎಚ್ಚರವಾಗಿದ್ದು ಕಾಯುವವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಜಿಲ್ಲೆಗಳಲ್ಲಿ ಆ ಅನುಕೂಲ ಎಲ್ಲಿದೆ?

ಎಬ್ಬಿಸಲು ಬೇಕಾದದ್ದು ದುಬಾರಿ ಯಂತ್ರವಲ್ಲ. ಒರಗುವ ಕುರ್ಚಿ, ಒಂದು ಮಣೆ, ವಾಕರ್, ಸಣ್ಣ ಆಮ್ಲಜನಕದ ಸಿಲಿಂಡರ್. ಕೊರತೆಯಿರುವುದು ಕೈಗಳದ್ದು. ಒಬ್ಬ ಸಿಸ್ಟರ್ ಎರಡು ಮೂರು ಹಾಸಿಗೆ ನೋಡಬೇಕಾದ ಕಡೆ, ರಾತ್ರಿ ಪಾಳಿಯಲ್ಲಿ, ಎಚ್ಚರವಾಗಿರುವ ರೋಗಿಯನ್ನು ನಿಭಾಯಿಸುವುದು ಕಷ್ಟ. ಕೈ ಸಾಲದಾದಾಗ ನಿದ್ದೆಯ ಔಷಧವನ್ನು ಇನ್ನೊಂದಿಷ್ಟು ಏರಿಸುತ್ತಾರೆ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕೋಪನ್‌ಹೇಗನ್ನಿನಲ್ಲಿ ಯಂತ್ರವಿರಲಿಲ್ಲ, 1500 ಜನರ ಕೈಯಿತ್ತು. ನಮ್ಮಲ್ಲಿ ಕೋವಿಡ್ ಬಂದ ಮೇಲೆ ವೆಂಟಿಲೇಟರ್ ತಂದಿಟ್ಟೆವು. ಅದಕ್ಕೆ ತಕ್ಕಷ್ಟು ಸಿಸ್ಟರುಗಳನ್ನು, ಫಿಸಿಯೋಥೆರಪಿಸ್ಟರನ್ನು ನೇಮಿಸಿಕೊಂಡೆವೇ? ಇಲ್ಲಿ ಆಸ್ಪತ್ರೆ ನಡೆಸುವವರು ಕೆಲವರು ಕೂತಿದ್ದೀರಿ. ಭಾನುವಾರ ನಿಮ್ಮ ಐಸಿಯುವಿಗೆ ಫಿಸಿಯೋಥೆರಪಿಸ್ಟ್ ಬರುತ್ತಾರೆಯೇ ಎಂದು ದಯವಿಟ್ಟು ವಿಚಾರಿಸಿ.

ಇನ್ನೊಂದು ಕೈ ನಮ್ಮಲ್ಲಿ ಧಾರಾಳವಾಗಿದೆ. ಅದು ಬಾಗಿಲ ಹೊರಗೆ, ಬೆಂಚಿನ ಮೇಲೆ, ಚಾಪೆಯ ಮೇಲೆ ಕಾಯುತ್ತಿದೆ. ಕೈ ತೊಳೆಸಿ, ಏಪ್ರನ್ ತೊಡಿಸಿ, ದಿನಕ್ಕೆರಡು ಸಲ ಅರ್ಧ ಗಂಟೆ ಒಳಗೆ ಬಿಟ್ಟರೆ ಆಗುವ ಉಪಕಾರ ದೊಡ್ಡದು. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಮನೆಯಲ್ಲೇ ಉಳಿದಿರುತ್ತವೆ; ಅವು ಬಂದ ದಿನ ಅರ್ಧ ಸನ್ನಿ ಇಳಿದದ್ದನ್ನು ಕಂಡಿದ್ದೇನೆ. ಭಾಷೆಯ ವಿಷಯವೂ ಇದೆ. ನಮ್ಮ ಸಿಸ್ಟರುಗಳಲ್ಲಿ ಎಷ್ಟೋ ಮಂದಿ ಕೇರಳದಿಂದ, ಈಶಾನ್ಯದಿಂದ ಬಂದು, ಕಷ್ಟಪಟ್ಟು ಕನ್ನಡ ಕಲಿತು ದುಡಿಯುವವರು. ರೋಗಿ ತುಳುವಿನವರೋ, ಲಂಬಾಣಿ ಮಾತಿನವರೋ, ಮನೆಯಲ್ಲಿ ಉರ್ದು ಆಡುವವರೋ ಆಗಿರುತ್ತಾರೆ. ಮಂಪರಿನಿಂದ ಏಳುವ ಮನುಷ್ಯನಿಗೆ ಕಲಿತ ಮಾತು ಕೊನೆಗೆ ಬರುತ್ತದೆ, ತಾಯಿಯ ಮಾತು ಮೊದಲು. “ಕೈ ಹಿಂಡಿ” ಎಂದಾಗ ಹಿಂಡಲಿಲ್ಲವೆಂದು ನಾವು ಪ್ರಜ್ಞೆಯಿಲ್ಲ ಎಂದು ಬರೆದುಕೊಂಡಿದ್ದ ಒಬ್ಬ ಅಜ್ಜಿ, ಮೊಮ್ಮಗಳು ಬಂದು ಕೊಂಕಣಿಯಲ್ಲಿ ಹೇಳಿದ ಕೂಡಲೇ ಹಿಂಡಿದರು.

ಆ ಮಳೆಗಾಲದ ಹೆಂಗಸಿನ ಕಥೆಗೆ ಮರಳುತ್ತೇನೆ. ಮರುದಿನ ಅವರ ಗಂಡನನ್ನೇ ಒಳಗೆ ಕರೆದುಕೊಂಡೆವು. ನಾಲ್ಕು ಜನ ಸೇರಿ ಎತ್ತಿ ಕೂರಿಸಿದಾಗ ಅವರು ಮಂಚದ ಆಚೆ ನಿಂತು, ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ನೋಡಿದರು. ಆಕೆಯ ತಲೆ ನನ್ನ ಹೆಗಲಿಗೆ ಬಿತ್ತು. ಮಾನಿಟರಿನ ಅಂಕಿ 94ರಿಂದ 91ಕ್ಕೆ ಇಳಿದು ಮತ್ತೆ 95ಕ್ಕೆ ಬಂತು. ನಾಲ್ಕು ನಿಮಿಷ. ಕೂರಿಸಲು ಶುರು ಮಾಡಿದ ಮೂರನೆಯ ದಿನ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತರು, ಬೆರಳಿನಿಂದ ತಲೆಯ ಕಡೆ ತೋರಿಸಿದರು. ಬಾಚಣಿಗೆ ಬೇಕಿತ್ತು. ಐದನೆಯ ದಿನ ಟ್ಯೂಬ್ ತೆಗೆದರು.

ಕಥೆ ಅಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಟೊರಾಂಟೊದ ಮಾರ್ಗರೆಟ್ ಹೆರಿಜ್ ಇಂಥ ಶ್ವಾಸಕೋಶದ ಕಾಯಿಲೆಯಿಂದ ಬದುಕಿದ 109 ಮಂದಿಯನ್ನು ಐದು ವರ್ಷ ಹಿಂಬಾಲಿಸಿ ನೋಡಿದವರು. ಐಸಿಯು ಬಿಟ್ಟ ಐದು ವರ್ಷಕ್ಕೂ ಅವರು ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಅವರ ವಯಸ್ಸಿಗೆ ಇರಬೇಕಾದದ್ದರ ನೂರಕ್ಕೆ 76 ಮಾತ್ರ. ಕಾರಿಡಾರಿನ ಸಮತಟ್ಟು ನೆಲದ ಮೇಲೆ ನಾವು ನಡೆಸಿ ಕಳಿಸುತ್ತೇವೆ. ಆ ಹೆಂಗಸಿನ ಮನೆ ಇರುವುದು ಧರೆಯ ಕೆಳಗೆ, ಅಂಗಳದಿಂದ ಬಚ್ಚಲಿಗೆ ಹನ್ನೊಂದು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ಅದನ್ನು ಯಾರೂ ಅವರನ್ನು ಕೇಳಿರಲಿಲ್ಲ. ಮೂರು ತಿಂಗಳ ನಂತರ ತೋರಿಸಲು ಬಂದಾಗ ಗಂಡ ಹೇಳಿದರು. ಮನೆಗೆ ಬಂದ ವಾರವೇ ಅಡಿಕೆ ದಬ್ಬೆ ಸೀಳಿ, ಮೆಟ್ಟಿಲ ಉದ್ದಕ್ಕೂ ಹಿಡಿದುಕೊಳ್ಳಲು ಕಟ್ಟಿದ್ದರಂತೆ. ಹೆಂಡತಿ ಒಂದೊಂದೇ ಮೆಟ್ಟಿಲು ಹೆಚ್ಚಿಸುತ್ತ ಇಳಿದು ಹತ್ತಿದ್ದಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಹನ್ನೊಂದೂ ಆಯಿತು.

“ಈಗ ಅದನ್ನ ಬಿಚ್ಚಿ ಹಾಕ್ಲಾ ಅಂತ ಕೇಳ್ತಾಳೆ ಮೇಡಂ, ಬಟ್ಟೆ ಒಣಹಾಕಕ್ಕೆ ಬೇಕಂತೆ,” ಎಂದರು. ಮುಂದಿನ ಮಳೆಗಾಲ ಒಂದು ಕಳೆಯುವವರೆಗೆ ಇರಲಿ ಎಂದೆ.